ಊರಿನ ರಸ್ತೆಯ ಅಪಾಯದ ಜಾಗವನ್ನು ಸರಿಪಡಿಸಿಕೊಳ್ಳುವುದು ಹೇಗೆ: ಹಾಸನ ಜಿಲ್ಲೆಯವರಿಗೊಂದು ಕೈಪಿಡಿ

ಹಾಸನ ಜಿಲ್ಲೆಯಲ್ಲಿ ಹೆದ್ದಾರಿ ಹಾದುಹೋಗುವ ಯಾವ ಊರಿನಲ್ಲಿ ಕೇಳಿದರೂ ಜನ ಒಂದು ತಿರುವನ್ನೋ ಕೂಡುರಸ್ತೆಯನ್ನೋ ತೋರಿಸಿ, ‘ಇಲ್ಲಿ ವರ್ಷಕ್ಕೊಂದಾದರೂ ಅಪಘಾತ ಆಗುತ್ತದೆ’ ಎನ್ನುತ್ತಾರೆ. ಆದಾಗಲೆಲ್ಲ ಮುಂದಿನದೂ ಹೆಚ್ಚುಕಡಿಮೆ ಒಂದೇ ತೆರ. ಚಾಲಕನ ಮೇಲೆ ಅತಿವೇಗ ಮತ್ತು ಅಜಾಗರೂಕತೆಯ ಪ್ರಕರಣ ದಾಖಲಾಗುತ್ತದೆ, ಊರಿನವರು ರಸ್ತೆ ತಡೆದು ಹಂಪ್ ಹಾಕಿಸಿ ಎಂದು ಕೂರುತ್ತಾರೆ, ಯಾರೋ ಬಂದು ಒಂದು ದಿಬ್ಬ ಹಾಕಿ ಹೋಗುತ್ತಾರೆ, ಶಾಲಾ ಮಕ್ಕಳು ಫಲಕ ಹಿಡಿದು ಜಾಥಾ ನಡೆಸುತ್ತಾರೆ. ರಸ್ತೆ ಮಾತ್ರ ಇದ್ದಂತೆಯೇ ಇರುತ್ತದೆ. ಇಂಥ ಒಂದು ಜಾಗವನ್ನು ಹಿಡಿದುಕೊಂಡು, ಅದನ್ನು ಅಭ್ಯಾಸ ಮಾಡಿ, ಸರಿಯಾದ ಕಚೇರಿಯಿಂದ ಸರಿಯಾದ ಕೆಲಸವನ್ನು ಮಾಡಿಸಿಕೊಳ್ಳುವ ಕ್ರಮವನ್ನು ಗ್ರಾಮ ಪಂಚಾಯಿತಿ ಸದಸ್ಯರು, ಶಾಲಾಭಿವೃದ್ಧಿ ಸಮಿತಿಯವರು, ಶಿಕ್ಷಕರು ಮತ್ತು ಯುವಕ ಸಂಘಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ನೆರೆಯ ಚಿಕ್ಕಮಗಳೂರಿನವರಿಗೂ ಇದು ಬಹುಮಟ್ಟಿಗೆ ಹೊಂದುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ

ರಸ್ತೆಯಲ್ಲಿ ಒಂದು ಸಾವೂ ಆಗಬಾರದೆಂಬ ಗುರಿಯ ‘ವಿಷನ್ ಝೀರೋ’ ನೀತಿಯನ್ನು ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡಿತು. ನೆದರ್‌ಲ್ಯಾಂಡ್ಸ್ ಅದಕ್ಕೂ ಕೆಲವು ವರ್ಷ ಮೊದಲೇ ಅದೇ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತ್ತು. ಈ ಎರಡು ದೇಶಗಳ ಅನುಭವದಿಂದ ಬೆಳೆದುಬಂದ ಚಿಂತನೆಯನ್ನು ಇಂದು ‘ಸುರಕ್ಷಿತ ವ್ಯವಸ್ಥೆ’ಯ ವಿಧಾನ ಎಂದು ಕರೆಯುತ್ತಾರೆ, 2030ರ ಹೊತ್ತಿಗೆ ರಸ್ತೆ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂಬ ವಿಶ್ವಸಂಸ್ಥೆಯ ದಶಕದ ಕಾರ್ಯಕ್ರಮಕ್ಕೂ ಇದೇ ತಳಹದಿ. ಇದರ ತಿರುಳು ಇಷ್ಟೇ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಅವನ ದೇಹ ಒಂದು ಮಿತಿಯವರೆಗೆ ಮಾತ್ರ ಪೆಟ್ಟು ತಾಳಬಲ್ಲದು, ಆದ್ದರಿಂದ ರಸ್ತೆಯನ್ನು, ವಾಹನವನ್ನು, ವೇಗದ ಮಿತಿಯನ್ನು ಮತ್ತು ಅಪಘಾತದ ನಂತರದ ಚಿಕಿತ್ಸೆಯನ್ನು ಆ ತಪ್ಪು ಸಾವಾಗದಂತೆ ಹೊಂದಿಸಬೇಕು. ಹೊಂದಿಸುವ ಹೊಣೆ ರಸ್ತೆ ಕಟ್ಟುವವರ ಮೇಲೂ ಓಡಾಡುವವರ ಮೇಲೂ ಇರುತ್ತದೆ.

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಯ ಮೇಲೆ ಸರಕು ವಾಹನ ನುಗ್ಗಿ, ಇಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಚಾಲಕನ ತಪ್ಪೆಷ್ಟು ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ಸುರಕ್ಷಿತ ವ್ಯವಸ್ಥೆಯ ಕಣ್ಣಿನಿಂದ ನೋಡುವವರು ಕೇಳಬೇಕಾದ ಪ್ರಶ್ನೆ ಬೇರೆ: ನೂರಾರು ಜನ ಕುಣಿಯುತ್ತ ಸಾಗುವ ಮೆರವಣಿಗೆಯೂ ಹೆದ್ದಾರಿಯ ಸರಕು ವಾಹನವೂ ಒಂದೇ ಹೊತ್ತಿನಲ್ಲಿ, ನಡುವೆ ಬಲವಾದ ತಡೆಯೊಂದಿಲ್ಲದೆ, ಒಂದೇ ರಸ್ತೆಯ ಅಕ್ಕಪಕ್ಕದಲ್ಲಿ ಇರಬಹುದಾದಂಥ ಏರ್ಪಾಟು ನಮ್ಮ ಊರುಗಳಲ್ಲಿ ಏಕೆ ಸಹಜವಾಗಿಬಿಟ್ಟಿದೆ? ಚಾಲಕನನ್ನು ಶಿಕ್ಷಿಸಿದ ಮೇಲೂ ಆ ಏರ್ಪಾಟು ಮುಂದಿನ ಹಬ್ಬಕ್ಕೆ ಹಾಗೆಯೇ ಉಳಿದಿರುತ್ತದೆ.

ನಿಮ್ಮ ಊರಿನ ಜಾಗಕ್ಕೂ ಇದೇ ಪ್ರಶ್ನೆಯನ್ನು ಹಾಕಿಕೊಳ್ಳಬೇಕು. ‘ಯಾರು ತಪ್ಪು ಮಾಡಿದರು’ ಎಂಬಲ್ಲಿಗೆ ನಿಲ್ಲದೆ, ‘ಆ ತಪ್ಪು ಇಲ್ಲಿ ಪ್ರಾಣವನ್ನೇ ತೆಗೆಯುವಂತೆ ಮಾಡಿದ್ದು ಯಾವುದು’ ಎಂದು ಹುಡುಕುತ್ತ ಹೋಗಬೇಕು.

ವೇಗದ ಲೆಕ್ಕ

ಉತ್ತರ ಹುಡುಕುವಾಗ ಮೂರು ಅಂಕಿಗಳು ಕೈಯಲ್ಲಿರಲಿ. ನಡೆದುಹೋಗುವವರು ಮತ್ತು ವಾಹನಗಳು ಒಂದೇ ರಸ್ತೆಯಲ್ಲಿ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ., ಕಾರಿಗೆ ಪಕ್ಕದಿಂದ ಬೇರೊಂದು ವಾಹನ ಗುದ್ದಬಹುದಾದ ಕೂಡುರಸ್ತೆಯಲ್ಲಿ 50, ಡಿವೈಡರ್ ಇಲ್ಲದೆ ಎದುರುಬದುರು ಡಿಕ್ಕಿಯಾಗಬಹುದಾದ ರಸ್ತೆಯಲ್ಲಿ 70. ಇವುಗಳ ಮೇಲೆ ಹೋದರೆ ಬದುಕುಳಿಯುವ ಸಾಧ್ಯತೆ ಬೇಗ ಕುಸಿಯುತ್ತದೆ. ಬೈಕಿನವರಿಗೆ ಸುತ್ತಲೂ ತಗಡಿನ ರಕ್ಷಣೆಯೂ ಇಲ್ಲವಾದ್ದರಿಂದ ಕಾರಿನ ಲೆಕ್ಕ ಅವರಿಗೆ ಸಲ್ಲದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5ರಷ್ಟು ಮಂದಿ ಪಾದಚಾರಿಗಳು.

ಹತ್ತು ಕಿಲೋಮೀಟರ್ ವೇಗ ಹೆಚ್ಚಾದರೆ ಏನಾದೀತು ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಬಹುದು. ಮೂವತ್ತು ಮೀಟರ್ ಮುಂದೆ ಒಂದು ಮಗು ರಸ್ತೆಗೆ ಓಡಿಬಂತೆಂದುಕೊಳ್ಳಿ. ಚಾಲಕ ಅದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ. ರಸ್ತೆ ಒಣಗಿದ್ದು ಬ್ರೇಕು ಚೆನ್ನಾಗಿದ್ದರೆ, 30ರ ವೇಗದಲ್ಲಿ ಬರುತ್ತಿದ್ದ ಕಾರು ಸುಮಾರು 18 ಮೀಟರಿನೊಳಗೆ ನಿಂತುಬಿಡುತ್ತದೆ. 50ರಲ್ಲಿದ್ದ ಕಾರು ನಿಲ್ಲದೆ, ಸುಮಾರು 30ರ ವೇಗದಲ್ಲಿ ಮಗುವಿಗೆ ಬಡಿಯುತ್ತದೆ. 60ರಲ್ಲಿದ್ದ ಕಾರು 25 ಮೀಟರನ್ನು ಬ್ರೇಕಿಗೆ ಮೊದಲೇ ಕಳೆದುಕೊಂಡು, ಇನ್ನೂ 50ಕ್ಕಿಂತ ಹೆಚ್ಚಿನ ವೇಗದಲ್ಲಿರುವಾಗಲೇ ಬಡಿಯುತ್ತದೆ. 30ರ ವೇಗದ ಹೊಡೆತ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮವಾದರೆ, 50ರದು ಹತ್ತು ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ. ಮಲೆನಾಡಿನ ಮಳೆಯಲ್ಲಿ ಈ ಅಂಕಿಗಳೆಲ್ಲ ಇನ್ನೂ ಕೆಡುತ್ತವೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣಾಪಾಯದ ಅಪಘಾತಗಳ ಸಾಧ್ಯತೆ ಸುಮಾರು ಶೇ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ.

ಜಾಗವನ್ನು ನೋಡುವ ಬಗೆ

ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿ. ತಾಲ್ಲೂಕಿನ ರಸ್ತೆಗಳೆಲ್ಲವನ್ನೂ ಸೇರಿಸಿ ಬರೆದ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರವಷ್ಟೇ ಸಿಗುತ್ತದೆ. ಆ ಜಾಗವನ್ನು ಕನಿಷ್ಠ ಮೂರು ಬೇರೆ ಬೇರೆ ಹೊತ್ತಿನಲ್ಲಿ ನೋಡಿ: ಶಾಲೆ ಬಿಡುವಾಗ, ಸಂತೆಯ ದಿನ, ಮತ್ತು ಕತ್ತಲಾದ ಮೇಲೆ, ಸಾಧ್ಯವಾದರೆ ಮಳೆ ಬರುತ್ತಿರುವಾಗ. ಹಗಲಿನಲ್ಲಿ ಸ್ಪಷ್ಟವಾಗಿ ಕಾಣುವ ಡಿವೈಡರ್‌ನ ತಲೆ ರಾತ್ರಿ ಎದುರಿನ ದೀಪದ ಬೆಳಕಿನಲ್ಲಿ ಪೂರ್ತಿ ಮಾಯವಾಗಿರುವುದುಂಟು.

ಬಸ್ ನಿಲ್ಲುವ ಜಾಗವನ್ನು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಬಸ್ಸು ನಿಲ್ಲುವುದು ಸಾಮಾನ್ಯವಾಗಿ ತಂಗುದಾಣದ ಮುಂದಲ್ಲ, ಟೀ ಅಂಗಡಿಯ ಮುಂದೆ, ಅದೂ ಅರ್ಧ ಡಾಂಬರಿನ ಮೇಲೆ. ಇಳಿದವರು ಬಸ್ಸಿನ ಮುಂಭಾಗದಿಂದಲೇ ರಸ್ತೆ ದಾಟುತ್ತಾರೆ. ತಲೆಯ ಮೇಲೆ ಗಂಟು ಹೊತ್ತ ಅಜ್ಜಿಗೆ ಬಸ್ಸಿನ ಬಲಗಡೆಯಿಂದ ಮುನ್ನುಗ್ಗಿ ಬರುತ್ತಿರುವ ಬೈಕು ಕಾಣುವುದಿಲ್ಲ, ಬೈಕಿನವನಿಗೆ ಅಜ್ಜಿ ಕಾಣುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವ ಹೊತ್ತಿಗೆ ನಡುವಿನ ಅಂತರ ಮೂರು ನಾಲ್ಕು ಮೀಟರಿಗೆ ಇಳಿದಿರುತ್ತದೆ. ಇಲ್ಲಿ ಇಬ್ಬರಿಗೂ ಬುದ್ಧಿ ಹೇಳುವುದಕ್ಕಿಂತ, ಜನ ದಾಟುವ ಜಾಗವನ್ನು ದಾಟಿದ ಮೇಲೆ ಬಸ್ಸು ನಿಲ್ಲುವಂತೆ ನಿಲ್ದಾಣವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಜನ ಬಸ್ಸಿನ ಹಿಂದಿನಿಂದ ದಾಟುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ, ಖರ್ಚೂ ಕಡಿಮೆ.

ಡಾಂಬರಿನ ಅಂಚನ್ನೂ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋದಂತೆ ರಸ್ತೆ ಎತ್ತರವಾಗುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ, ಗೇಣುದ್ದದ ಮೆಟ್ಟಿಲು ಉಳಿಯುತ್ತದೆ. ಲಾರಿಗೆ ದಾರಿ ಬಿಡಲು ಕೆಳಗಿಳಿದ ಸ್ಕೂಟರ್ ಮತ್ತೆ ಮೇಲೆ ಹತ್ತಲು ಹೋಗಿ ಉರುಳುವುದು ಈ ಮೆಟ್ಟಿಲಿನಿಂದಲೇ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ.

ಇನ್ನು ವೇಗವನ್ನು ಅಳೆಯಬೇಕು. ಇದಕ್ಕೆ ರಾಡಾರ್ ಗನ್ ಬೇಕಿಲ್ಲ. ನೇರವಾಗಿರುವ ಕಡೆ ರಸ್ತೆಯ ಪಕ್ಕದಲ್ಲಿ ಟೇಪಿನಿಂದ 50 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗುರುತು ಹಾಕಿ. ಚಾಲಕರಿಗೆ ಕಾಣದಂತೆ, ರಸ್ತೆಯಿಂದ ದೂರದಲ್ಲಿ ನಿಂತು, ಎರಡೂ ಗುರುತು ಬರುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಂದು ಗುರುತಿನಿಂದ ಇನ್ನೊಂದಕ್ಕೆ ವಾಹನ ತೆಗೆದುಕೊಂಡ ಸೆಕೆಂಡುಗಳಿಂದ 180ನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 6 ಸೆಕೆಂಡಾದರೆ 30, ಮೂರೇ ಸೆಕೆಂಡಾದರೆ 60. ರಸ್ತೆ ಖಾಲಿ ಇದ್ದಾಗ, ಮುಂದಿನ ವಾಹನಕ್ಕೆ ಸಿಕ್ಕಿಕೊಳ್ಳದೆ ಬಂದ ನೂರು ವಾಹನಗಳ ವೇಗವನ್ನು ಬರೆದು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, 85ನೆಯದನ್ನು ಗುರುತಿಸಿ. ಸಂಚಾರ ಇಂಜಿನಿಯರುಗಳು ಬಳಸುವ ಅಳತೆಯೂ ಇದೇ. ‘ವಾಹನಗಳು ತುಂಬಾ ಸ್ಪೀಡಾಗಿ ಬರುತ್ತವೆ ಸಾರ್’ ಎಂಬ ಮಾತಿಗೆ ಕಚೇರಿಯಲ್ಲಿ ಸಿಗದ ಬೆಲೆ, ‘30 ಇರಬೇಕಾದ ಶಾಲೆಯ ಮುಂದೆ 85ನೆಯ ವಾಹನದ ವೇಗ 64’ ಎಂಬ ಸಾಲಿಗೆ ಸಿಗುತ್ತದೆ.

ಹಿಂದಿನ ಅಪಘಾತಗಳ ವಿವರಕ್ಕೆ ಪೊಲೀಸ್ ಠಾಣೆಯಲ್ಲಿ ಕೇಳಿ, ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿದ್ದರೆ, ಇಲ್ಲವೇ ಹತ್ತು ಸಾವುಗಳಾಗಿದ್ದರೆ ಅದನ್ನು ಕೇಂದ್ರ ಸಾರಿಗೆ ಸಚಿವಾಲಯ ‘ಬ್ಲ್ಯಾಕ್ ಸ್ಪಾಟ್’ ಎಂದು ಪರಿಗಣಿಸುತ್ತದೆ. ನಿಮ್ಮ ಜಾಗ ಈ ಲೆಕ್ಕಕ್ಕೆ ಬಂದರೆ ವಾದ ಸುಲಭ. ಬರದಿದ್ದರೂ ಸುಮ್ಮನಿರಬೇಕಾಗಿಲ್ಲ, ಐದು ಅಪಘಾತಗಳು ತುಂಬಲಿ ಎಂದು ಕಾಯುವುದು ಸುರಕ್ಷಿತ ವ್ಯವಸ್ಥೆಯ ಚಿಂತನೆಗೇ ವಿರುದ್ಧ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳು, ಮರದ ಬುಡದಲ್ಲಿ ಎದ್ದುಹೋದ ತೊಗಟೆ, ಮುರಿದ ಹೆಡ್‌ಲೈಟಿನ ಗಾಜು, ಮೋರಿಯ ಕಟ್ಟೆಗೆ ಬಣ್ಣ ಅಂಟಿರುವುದು, ಇವೂ ದಾಖಲೆಗಳೇ.

ಏನನ್ನು ಕೇಳಬೇಕು

ಎಲ್ಲರೂ ಮೊದಲು ಕೇಳುವುದು ಹಂಪ್. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಬೇಡವೆಂಬುದು ಸಚಿವಾಲಯದ ಸಾಮಾನ್ಯ ನಿಲುವು. ಉಳಿದ ರಸ್ತೆಗಳಲ್ಲಿ ಹಾಕುವುದಾದರೂ ಅದಕ್ಕೊಂದು ಅಳತೆಯಿದೆ: ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಖ್ಯೆಯ ಸಂಹಿತೆಯ ಪ್ರಕಾರ, 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಗುಂಡು ಹಂಪ್ 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳೆರಡೂ ಒಟ್ಟಿಗೆ ಅದರ ಮೇಲಿರುವಷ್ಟು ಅಗಲ. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಏಳುವ, ಒಂದು ಅಡಿ ಅಗಲದ, ಬಣ್ಣವೂ ಫಲಕವೂ ಇಲ್ಲದ ದಿಬ್ಬ ಕಾರಿನವನಿಂದ ಬೈಸಿಕೊಳ್ಳುತ್ತದೆ, ಬೈಕಿನ ಹಿಂದೆ ಪಕ್ಕಕ್ಕೆ ಕುಳಿತ ಹೆಂಗಸನ್ನು ಕೆಡವುತ್ತದೆ. ಒಂದು ಅಪಾಯಕ್ಕೆ ಇನ್ನೊಂದನ್ನು ಪರಿಹಾರವೆಂದು ಕೊಡುವುದು ಬೇಡ.

ಊರೊಳಗೆ ಹಾದುಹೋಗುವ ಎರಡು ಪಥದ ರಸ್ತೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ‘ಊರು ಶುರುವಾಯಿತು’ ಎಂದು ರಸ್ತೆಯೇ ಹೇಳುವಂತೆ ಮಾಡುವುದು. ಊರಿನ ಎರಡೂ ತುದಿಯಲ್ಲಿ ಡಾಂಬರಿನ ಓಡುವ ಭಾಗವನ್ನು ಕಿರಿದುಗೊಳಿಸಿ, ಅಂಚಿನ ಗೆರೆಗಳನ್ನು ಒಳಕ್ಕೆ ಎಳೆದು, ಚಕ್ರ ಹಾದಾಗ ಗಡಗಡ ಸದ್ದು ಮಾಡಿ ಎಚ್ಚರಿಸುವ ರಂಬಲ್ ಪಟ್ಟಿ ಮತ್ತು ವೇಗಮಿತಿಯ ದೊಡ್ಡ ಫಲಕ ಹಾಕಿ, ನಡುವೆ ಶಾಲೆ ಅಥವಾ ಬಸ್ ನಿಲ್ದಾಣದ ಬಳಿ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ದಾಟುಪಟ್ಟಿಯನ್ನು, ಅದರ ಮೇಲೆ ಬೀಳುವ ದೀಪವನ್ನು ಕೇಳಬೇಕು. ಅಗಲವಾದ, ನುಣುಪಾದ, ನೇರವಾದ ರಸ್ತೆಯ ಬದಿಯಲ್ಲಿ ‘ನಿಧಾನವಾಗಿ ಚಲಿಸಿ’ ಎಂಬ ಫಲಕ ನೆಟ್ಟರೆ ಚಾಲಕರು ರಸ್ತೆಯ ಮಾತನ್ನು ಕೇಳುತ್ತಾರೆಯೇ ಹೊರತು ಫಲಕದ ಮಾತನ್ನಲ್ಲ.

ಚನ್ನರಾಯಪಟ್ಟಣ, ಹಾಸನದ ಮೂಲಕ ಸಾಗುವ 75ನೇ ರಾಷ್ಟ್ರೀಯ ಹೆದ್ದಾರಿಯಂಥ ನಾಲ್ಕು ಪಥದ ರಸ್ತೆಯ ತೊಂದರೆ ಬೇರೆ. ಅಲ್ಲಿ ಡಿವೈಡರನ್ನು ಒಡೆದು ಮಾಡಿಕೊಂಡ ಕಿಂಡಿಗಳು, ವಿರುದ್ಧ ದಿಕ್ಕಿನಲ್ಲಿ ಬರುವ ಬೈಕು ಮತ್ತು ಟ್ರ್ಯಾಕ್ಟರುಗಳು ಮುಖ್ಯ ಅಪಾಯ. ತಪ್ಪು ನಿಜ, ಆದರೆ ಹೊಲ ರಸ್ತೆಯ ಆಚೆಗಿದ್ದು ತಿರುಗಿ ಬರುವ ಜಾಗ ಕಿಲೋಮೀಟರುಗಟ್ಟಲೆ ದೂರದಲ್ಲಿದ್ದರೆ ರೈತ ದಿನಾ ಅಷ್ಟು ಸುತ್ತುತ್ತಾನೆಂದು ನಿರೀಕ್ಷಿಸುವ ವಿನ್ಯಾಸವೇ ಸರಿಯಿಲ್ಲ. ಕಿಂಡಿಯನ್ನು ಬರೀ ಕಲ್ಲಿಟ್ಟು ಮುಚ್ಚಿದರೆ ಮೂರು ದಿನದಲ್ಲಿ ಪಕ್ಕದಲ್ಲೊಂದು ತೆರೆದುಕೊಳ್ಳುತ್ತದೆ. ಸರ್ವೀಸ್ ರಸ್ತೆ, ದನ ಮತ್ತು ಟ್ರ್ಯಾಕ್ಟರ್ ದಾಟುವಷ್ಟು ಎತ್ತರದ ಕೆಳಸೇತುವೆ, ಕಿಂಡಿ ಮುಚ್ಚುವುದು, ಇವು ಒಟ್ಟಾಗಿ ಆಗಬೇಕೆಂದು ಕೇಳಿ.

ಶಿರಾಡಿ ಮತ್ತು ಚಾರ್ಮಾಡಿ ಘಾಟಿಗಳಲ್ಲಿ, ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವ ದಾರಿಯಲ್ಲಿ, ಕಂದಕದ ಬದಿಯ ಕ್ರ್ಯಾಶ್ ಬ್ಯಾರಿಯರ್, ಮಂಜಿನಲ್ಲೂ ಹೊಳೆಯುವ ಅಂಚುಗಂಬಗಳು ಮತ್ತು ತಿರುವಿನ ಬಾಣದ ಫಲಕಗಳು ಮುಖ್ಯ. ಬ್ಯಾರಿಯರ್ ಇರುವುದನ್ನು ಕಂಡು ಸಮಾಧಾನಪಡದೆ ಅದರ ತುದಿಯನ್ನು ನೋಡಿ. ಉಕ್ಕಿನ ಪಟ್ಟಿಯ ತೆರೆದ ತುದಿ ಎದುರು ಬರುವ ವಾಹನಕ್ಕೆ ಮುಖಮಾಡಿ ನಿಂತಿದ್ದರೆ ಅದು ಕಾರಿನೊಳಕ್ಕೇ ತೂರಿಬರಬಲ್ಲದು. ತುದಿಯನ್ನು ರಸ್ತೆಯಿಂದ ದೂರಕ್ಕೆ ಬಾಗಿಸಿ ಮಣ್ಣಿನ ದಿಬ್ಬದೊಳಗೆ ಹುದುಗಿಸಬೇಕು, ಇಲ್ಲವೇ ಪೆಟ್ಟನ್ನು ಹೀರಿಕೊಳ್ಳುವ ತುದಿಯನ್ನು ಅಳವಡಿಸಬೇಕು. ಪ್ರವಾಸಿಗರು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವುದರಿಂದ, ‘ಕೆಳಗಿನ ಗೇರಿನಲ್ಲಿ ಇಳಿಯಿರಿ, ಏರುವ ವಾಹನಕ್ಕೆ ದಾರಿ ಬಿಡಿ’ ಎಂಬ ಸೂಚನೆ ಘಾಟಿ ಆರಂಭವಾಗುವ ಮೊದಲೇ ಇರಬೇಕು. ಈ ಒಂದು ಕಡೆ ಫಲಕ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಯಾರನ್ನು ಕೇಳಬೇಕು

ರಸ್ತೆ ಯಾರದೆಂದು ತಿಳಿಯದೆ ಕೊಟ್ಟ ಮನವಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ರಾಷ್ಟ್ರೀಯ ಹೆದ್ದಾರಿಯ ಕೆಲವು ಭಾಗ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ, ಉಳಿದದ್ದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ ಇರುತ್ತದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು, ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು.

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಎರಡು ಪುಟ ಮೀರದ ಮನವಿ ಬರೆಯಿರಿ. ಜಾಗದ ಕಿಲೋಮೀಟರ್ ಸಂಖ್ಯೆ, ಅಪಘಾತಗಳ ದಿನಾಂಕ, ಅಳೆದ ವೇಗ, ದಾಟುವ ಜನರ ಎಣಿಕೆ, ಫೋಟೋಗಳು, ಮತ್ತು ಬೇಕಾದ ಕೆಲಸದ ಸ್ಪಷ್ಟ ಹೆಸರು ಅದರಲ್ಲಿರಲಿ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂಬ ವಾಕ್ಯವನ್ನು ಬರೆಯಲೇಬೇಡಿ. ಒಂದು ಪ್ರತಿಯನ್ನು ಕಾರ್ಯಪಾಲಕ ಇಂಜಿನಿಯರಿಗೂ, ಇನ್ನೊಂದನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುವುದು ಆ ಸಮಿತಿಯಲ್ಲಿ. ಮುಂದಿನ ಸಭೆಯ ಕಾರ್ಯಸೂಚಿಗೆ ನಿಮ್ಮ ವಿಷಯ ಸೇರಿತೇ, ಸಭೆಯ ನಡಾವಳಿಯಲ್ಲಿ ಏನು ಬರೆದರು ಎಂದು ಕೇಳುತ್ತಿರಬೇಕು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೊತ್ತ ಸಣ್ಣದು. ಆದರೂ ಲೋಪವನ್ನು ಮೊದಲೇ ಲಿಖಿತವಾಗಿ ಗಮನಕ್ಕೆ ತಂದಿರುವ ಸ್ವೀಕೃತಿಪತ್ರ ನಿಮ್ಮ ಬಳಿ ಇದ್ದರೆ ಆ ಕಲಮಿಗೆ ತೂಕ ಬರುತ್ತದೆ.

ಜಾತ್ರೆ, ಪಾದಯಾತ್ರೆ, ಕೊಯ್ಲು

ಕೆಲವು ಅಪಾಯಗಳು ವರ್ಷಕ್ಕೊಮ್ಮೆ ಹೇಳಿ ಬರುತ್ತವೆ. ಹಾಸನಾಂಬೆಯ ದರ್ಶನದ ದಿನಗಳು, ಗಣಪತಿ ಮೆರವಣಿಗೆಗಳು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ರಾತ್ರಿಯೆಲ್ಲ ನಡೆದುಹೋಗುವ ಭಕ್ತರು, ನವೆಂಬರಿನಿಂದಾಚೆ ಪಿಕಪ್‌ನಲ್ಲಿ ನಿಂತು ಕಾಫಿ ತೋಟಕ್ಕೆ ಹೋಗುವ ಕಾರ್ಮಿಕರು. ಮೆರವಣಿಗೆಗೆ ಅನುಮತಿ ಕೇಳುವಾಗಲೇ ಭಾರೀ ವಾಹನಗಳ ಬದಲಿ ಮಾರ್ಗವನ್ನು, ಅದು ಆಗದಿದ್ದರೆ ಎರಡೂ ತುದಿಯಲ್ಲಿ ಅಡ್ಡಲಾಗಿ ನಿಲ್ಲಿಸಿದ ಬಲವಾದ ತಡೆಯನ್ನು ಲಿಖಿತವಾಗಿ ಕೇಳಿ. ಹಗ್ಗ ಮತ್ತು ಸ್ವಯಂಸೇವಕನ ಸೀಟಿ ಲಾರಿಯನ್ನು ನಿಲ್ಲಿಸುವುದಿಲ್ಲ. ಪಾದಯಾತ್ರಿಗಳು ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ನಡೆಯಲಿ. ಅನ್ನದಾನ ಮಾಡುವ ಸಂಘಗಳು ಊಟದ ಜೊತೆ ಚೀಲಕ್ಕೆ ಅಂಟಿಸುವ ಹೊಳೆಯುವ ಪಟ್ಟಿಯನ್ನೂ ಕೊಟ್ಟರೆ ಅದಕ್ಕಿಂತ ಅಗ್ಗದ ಪುಣ್ಯ ಇನ್ನೊಂದಿಲ್ಲ. ಆಲೂಗಡ್ಡೆ, ಜೋಳ, ಮರದ ದಿಮ್ಮಿ ತುಂಬಿದ ಟ್ರೇಲರುಗಳ ಹಿಂಬದಿಗೂ ಅದೇ ಪಟ್ಟಿ ಬೇಕು.

ಹೆಲ್ಮೆಟ್ಟಿನ ಬಗ್ಗೆ ಇಷ್ಟು ಸಾಕು: ಐಎಸ್ಐ ಗುರುತಿನದನ್ನು ಪಟ್ಟಿ ಬಿಗಿದು ಧರಿಸಿದರೆ ಬೈಕ್ ಸವಾರ ಸಾಯುವ ಸಾಧ್ಯತೆ ಶೇ 40ರಷ್ಟು ತಗ್ಗುತ್ತದೆ. ಟೋಪಿಯಂಥ ಅರ್ಧ ಹೆಲ್ಮೆಟ್ ದಂಡದಿಂದ ಮಾತ್ರ ಕಾಪಾಡೀತು.

ಅಪಘಾತ ಆದ ಮೇಲೆ

ಘಾಟಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸಿಗುವ ಅತಿ ಹತ್ತಿರದ ಜಾಗ ಯಾವುದು, 108ರ ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ತಿಳಿದು ಅಂಗಡಿಯ ಗೋಡೆಗೆ ಬರೆಸಿಡಿ. ಟೀ ಅಂಗಡಿಯವರು, ಆಟೊ ಮತ್ತು ಜೀಪು ಚಾಲಕರು ಮೊದಲು ತಲುಪುವವರಾದ್ದರಿಂದ ಪ್ರಥಮ ಚಿಕಿತ್ಸೆಯ ತರಬೇತಿ ಅವರಿಗೆ ಕೊಡಿಸಿ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯುವುದು, ಕುತ್ತಿಗೆ ತಿರುಚದಂತೆ ನೋಡಿಕೊಳ್ಳುವುದು, ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸದಿರುವುದು, ಇಷ್ಟು ಗೊತ್ತಿದ್ದರೂ ಪ್ರಾಣ ಉಳಿಯಬಹುದು.

ಸಹಾಯ ಮಾಡಿದರೆ ಕೋರ್ಟಿಗೆ ಅಲೆಯಬೇಕೆಂಬ ಭಯ ಇನ್ನೂ ಇದೆ. ಪರೋಪಕಾರಿಗಳ ರಕ್ಷಣೆಗೆ ಕರ್ನಾಟಕ 2016ರಲ್ಲೇ ಪ್ರತ್ಯೇಕ ಮಸೂದೆ ಅಂಗೀಕರಿಸಿತು, ಮೋಟಾರು ವಾಹನ ಕಾಯ್ದೆಯ 134ಎ ಕಲಮೂ ಅದೇ ರಕ್ಷಣೆ ಕೊಡುತ್ತದೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ, ಸಾಕ್ಷಿಯಾಗಬೇಕೆಂಬ ಕಡ್ಡಾಯವಿಲ್ಲ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ಸಿಗುತ್ತದೆ. ನಿಮ್ಮ ದಾರಿಯಲ್ಲಿರುವ ನಿಗದಿತ ಆಸ್ಪತ್ರೆ ಯಾವುದೆಂದು ಈಗಲೇ ಕೇಳಿಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಅದೇ ಸುಣ್ಣದ ಗುರುತುಗಳ ನಡುವೆ, ಅದೇ ಹೊತ್ತಿನಲ್ಲಿ ಮತ್ತೆ ನೂರು ವಾಹನಗಳ ವೇಗ ಅಳೆಯಿರಿ. 85ನೆಯ ವಾಹನ 30ರ ಆಸುಪಾಸಿಗೆ ಇಳಿಯದಿದ್ದರೆ ಬಣ್ಣ ಬಳಿದದ್ದಾಗಿದೆ, ರಸ್ತೆ ಬದಲಾಗಿಲ್ಲ. ಎರಡೂ ಅಳತೆಗಳನ್ನು ಲಗತ್ತಿಸಿ ಸಮಿತಿಗೆ ಮತ್ತೊಂದು ಪತ್ರ ಬರೆಯಬೇಕು. ಜೀಬ್ರಾ ಪಟ್ಟಿ ಮತ್ತು ಅಂಚಿನ ಗೆರೆಗಳು ಒಂದೆರಡು ಮಳೆಗಾಲಕ್ಕೆ ಅಳಿಸಿಹೋಗುವುದರಿಂದ, ಪ್ರತಿ ವರ್ಷ ಮೇ ತಿಂಗಳ ಗ್ರಾಮಸಭೆಯಲ್ಲಿ ಅವುಗಳನ್ನು ಮತ್ತೆ ಬರೆಸುವ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ.